ಬೆರಳು ಹಿಡಿಯುವ ಅಕ್ಷರ

ನಾನು ಮರಗೆಲಸದವನು. ಶ್ರೀನಿವಾಸಪುರದಲ್ಲಿ ಬಾಗಿಲು, ಕಿಟಕಿ, ಮಂಚ ಮಾಡಿಕೊಂಡು ಮೂವತ್ತು ವರ್ಷ ಆಯಿತು. ಆಟದ ಸಾಮಾನಿಗೆ ಕೈ ಹಾಕಿದವನಲ್ಲ. ಮೊಮ್ಮಗಳಿಗೆ ನಾಲ್ಕು ತುಂಬಿದಾಗ ಮಗಳು ಕೋಲಾರದಿಂದ ಒಂದು ಪ್ಲಾಸ್ಟಿಕ್ ಅಕ್ಷರದ ಹಲಗೆ ತಂದಳು. ಹಲಗೆ ತುಂಬ ಅಕ್ಷರದ ಆಕಾರದ ಗುಂಡಿ, ಅದರೊಳಗೆ ಕೂರುವ ಬಣ್ಣಬಣ್ಣದ ಅಕ್ಷರ. ಮಗು ಎರಡೇ ದಿನದಲ್ಲಿ ಎಲ್ಲವನ್ನೂ ಅದರದರ ಜಾಗದಲ್ಲಿ ಕೂರಿಸಿತು. ಮನೆಯವರಿಗೆಲ್ಲ ಖುಷಿಯೋ ಖುಷಿ. ಕೈಗೆ ಸ್ಲೇಟು ಕೊಟ್ಟು ನೋಡಿದರೆ ಒಂದು ರ ಬರೆಯಲೂ ಬರಲಿಲ್ಲ.

ಬೀಗಕ್ಕೆ ಕೀಲಿ ಹಾಕಲು ಬಂದವನಿಗೆ ಬೀಗ ಮಾಡಲು ಬರುತ್ತಾ? ಗುರುತು ಹಿಡಿಯುವುದು ಕಣ್ಣಿನ ಕೆಲಸ. ಬರೆಯುವುದು ಕೈ ಕೆಲಸ. ಕೈಗೆ ದಾರಿ ಗೊತ್ತಾಗಬೇಕು: ಎಲ್ಲಿ ಶುರು, ಎತ್ತ ತಿರುಗಬೇಕು, ಎಲ್ಲಿ ನಿಲ್ಲಬೇಕು. ಆ ಪ್ಲಾಸ್ಟಿಕ್ ಹಲಗೆಯಲ್ಲಿ ದಾರಿಯೇ ಇರಲಿಲ್ಲ. ಸರಿ, ನಾನೇ ಕೊರೆದು ಕೊಡುತ್ತೇನೆ ಅಂದೆ. ಒಂದು ಭಾನುವಾರದ ಕೆಲಸ ಅಂದುಕೊಂಡಿದ್ದೆ. ಮೂರು ತಿಂಗಳು ಹಿಡಿಯಿತು.

ನಮ್ಮ ಕಡೆ ಮಾವಿನ ಮರಕ್ಕೆ ಬರ ಇಲ್ಲ. ಹಳೇ ತೋಟ ಕಡಿದ ಹಲಗೆ ಅಂಗಡಿಯಲ್ಲೇ ಬಿದ್ದಿತ್ತು. ಅರ್ಧ ಅಡಿ ಚೌಕದ ತುಂಡಿನ ಮೇಲೆ ದೊಡ್ಡದಾಗಿ ಅ ಬರೆದು ರೂಟರ್ ಅನ್ನುವ ಮರ ಕೊರೆಯುವ ಮಿಷನ್ನಿನಲ್ಲಿ ಕಾಲುವೆ ತೆಗೆದೆ. ಎರಡು ನೂಲು ಅಗಲ, ಅಂದರೆ ಕಾಲು ಇಂಚು. ನೋಡಲು ಬಲು ಚೆಂದ ಬಂತು. ಮೊಮ್ಮಗಳು ಬೆರಳು ಇಟ್ಟು ಒತ್ತಿ ನೋಡಿ, "ತಾತಾ, ವೇಲು ಪಟ್ಟಲೇದು" ಅಂದಳು. ಮನೆಯಲ್ಲಿ ನಮ್ಮದು ತೆಲುಗು. ಕಾಲುವೆಯೊಳಗೆ ಬೆರಳು ಹಿಡಿಯಲಿಲ್ಲ ಅಂತ ಅರ್ಥ. ಪೆನ್ಸಿಲ್ ನೆನೆಸಿಕೊಂಡು ಕೊರೆದಿದ್ದೆ, ಮಗುವಿನ ಬೆರಳನ್ನು ಅಳೆದೇ ಇರಲಿಲ್ಲ. ಗಿರಾಕಿಯ ಗೋಡೆ ಅಳೆಯದೆ ಬಾಗಿಲು ಮಾಡಿದ ಹಾಗಾಯಿತು.

ಎರಡನೇ ಸಲ ನಾಲ್ಕು ನೂಲು ಅಗಲ ಇಟ್ಟೆ, ಆಳ ಒಂದೂವರೆ ನೂಲು. ರೂಟರ್‌ಗೆ ತುದಿ ದುಂಡಗಿರುವ ಬಿಟ್, ಅಂದರೆ ಕೊರೆಯುವ ಮೊನೆ, ಹಾಕಿದೆ. ಚಪ್ಪಟೆ ಬಿಟ್ ಆದರೆ ಕಾಲುವೆಯ ಮೂಲೆಯಲ್ಲಿ ಬೆರಳು ತಡೆಯುತ್ತದೆ. ದುಂಡು ಬಿಟ್ ಆದರೆ ಬೆರಳು ತಾನೇ ನಡುವಿಗೆ ಜಾರುತ್ತದೆ. ಆದರೆ ಮಾವಿನ ಮರ ಕೈ ಕೊಟ್ಟಿತು. ತಿರುವು ಬಂದ ಕಡೆಯೆಲ್ಲ ಎಳೆ ಕಿತ್ತು ಬಂದು ಸಿಬಿರು ಎದ್ದಿತು. ಹೆಬ್ಬೇವು ತಂದೆ. ಹಗುರ, ಮೆತ್ತಗೆ, ತಿರುವಿನಲ್ಲೂ ನೀಟಾಗಿ ಕೊರೆಯುತ್ತದೆ. ಇವತ್ತಿಗೂ ಅದನ್ನೇ ಬಳಸುತ್ತೇನೆ.

ಹೊಸ ಅ ಹಲಗೆ ತಗೊಂಡು ಅಂಗನವಾಡಿಗೆ ಹೋದೆ. ಟೀಚರಮ್ಮ ಹಲಗೆಯನ್ನು ಹೊಗಳಿದರು. ಆಮೇಲೆ, "ಅಣ್ಣಾ, ಅ ಯಾಕೆ ಮೊದಲು ಮಾಡಿದ್ರಿ?" ಅಂದರು. ವರ್ಣಮಾಲೆ ಅದರಿಂದ ತಾನೇ ಶುರು ಆಗೋದು ಅಂದೆ. ಬಾಯಲ್ಲಿ ಹೇಳೋಕೆ ಅದು ಸರಿ, ಕೈಗೆ ರ ಸುಲಭ ಅಂದರು. ನಮ್ಮ ಸರ್ಕಾರಿ ಶಾಲೆಯ ನಲಿ-ಕಲಿಯಲ್ಲೂ ರ, ಗ, ಸ, ದ, ಅ ಅಂತಲೇ ಶುರು ಮಾಡುತ್ತಾರಂತೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿದ ಪದ್ಧತಿ ಅದು. ಒಂದನೇ ಕ್ಲಾಸಿನಿಂದ ಮೇಲಿನ ಮಕ್ಕಳಿಗೆ ಮಾಡಿದ್ದು, ಅಂಗನವಾಡಿಗಲ್ಲ. ಆದರೂ ಕೈ ಎಲ್ಲ ಕಡೆಯೂ ಕೈಯೇ ಅಲ್ವಾ. ಒಂದು ದುಂಡು, ಮೇಲೊಂದು ತಲೆಕಟ್ಟು, ರ ಮುಗಿಯಿತು. ನಾನೋ 49 ಅಕ್ಷರಕ್ಕೂ ಹಲಗೆ ಲೆಕ್ಕ ಹಾಕಿ ಕೂತಿದ್ದೆ!

ರ ಕೊರೆದೆ. ಬೆರಳೂ ಹಿಡಿಯಿತು. ಆದರೆ ಮೊಮ್ಮಗಳು ಒಂದು ಸಲ ತಲೆಕಟ್ಟಿನಿಂದ ಶುರು ಮಾಡುತ್ತಾಳೆ, ಇನ್ನೊಂದು ಸಲ ದುಂಡಿನ ನಡುವಿನಿಂದ. ಕಾಲುವೆ ಇದ್ದರೆ ದಾರಿ ಗೊತ್ತಾಗುತ್ತದೆ ಅಂದುಕೊಂಡಿದ್ದು ತಪ್ಪು. ನೀರಿಗಾದರೆ ಇಳಿಜಾರು ಇರುತ್ತದೆ, ಬೆರಳಿಗೆ ಏನಿದೆ?

ಇಲ್ಲಿ ಜಾಸ್ತಿ ತಲೆ ಕೆಡಿಸಿಕೊಂಡೆ. ಕೊನೆಗೆ ಮಾಡಿದ್ದು ಎರಡು. ಒಂದು, ಶುರುವಾಗುವ ಕಡೆ ಬೆರಳ ತುದಿ ಕೂರುವಷ್ಟು ಆಳದ ಗುಳಿ ತೆಗೆದೆ. ಅಲ್ಲಿಂದ ಮುಂದಕ್ಕೆ ಕಾಲುವೆ ಸ್ವಲ್ಪ ಸ್ವಲ್ಪವಾಗಿ ಮೇಲಕ್ಕೆ ಬಂದು, ಕೊನೆಯಲ್ಲಿ ಹಲಗೆಯ ಮಟ್ಟಕ್ಕೆ ಸೇರಿ ಮಾಯವಾಗುತ್ತದೆ. ಕಣ್ಣು ಮುಚ್ಚಿ ಮುಟ್ಟಿದರೂ ಶುರು ಯಾವುದು, ಕೊನೆ ಯಾವುದು ಗೊತ್ತಾಗುತ್ತದೆ. ಎರಡು, ದುಂಡು ಮುಗಿದು ತಲೆಕಟ್ಟು ಶುರುವಾಗುವ ಕಡೆ ಒಂದು ನೂಲು ಮರ ಹಾಗೇ ಬಿಟ್ಟೆ. ಬೆರಳಿಗೆ ಆ ಗೋಡೆ ತಡೆದರೆ ಕೈ ಎತ್ತಬೇಕು. ಅಲ್ಲಿ ಇನ್ನೊಂದು ಗುಳಿ, ಮೊದಲನೇದಕ್ಕಿಂತ ಚಿಕ್ಕದು. ಇದು ರೂಟರ್‌ನಿಂದ ಆಗುವ ಕೆಲಸವಲ್ಲ. ಉಳಿ ಹಿಡಿದು ಕೂರಬೇಕು. ಒಂದು ಅಕ್ಷರಕ್ಕೆ ಒಂದೂವರೆ ಗಂಟೆ.

ಗುಳಿಗೆ ಕೆಂಪು ಬಣ್ಣ ಬಳಿದಿದ್ದೆ. ಅಂಗಡಿಯಲ್ಲಿ ಯಾವುದೋ ಕಾಲದ ಎನಾಮಲ್ ಡಬ್ಬ ಉಳಿದಿತ್ತು. ಮಗು ಹಲಗೆಯ ಅಂಚು ಕಚ್ಚುವುದನ್ನು ಕಂಡು ಎದೆ ಝಲ್ ಅಂದಿತು. ಮನೆಗೆ ಹೊಡೆಯುವ ಬಣ್ಣದಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿನಲ್ಲಿ 90 ಪಾಲು, ದಾಟಬಾರದು ಅನ್ನುವ ನಿಯಮ ಜಾರಿಗೆ ಬಂದದ್ದೇ 2017ರ ನವೆಂಬರ್‌ನಲ್ಲಿ. ನನ್ನ ಡಬ್ಬ ಅದಕ್ಕಿಂತ ಹಳೇದು. ಸೀಸ ಸೇರಿದರೆ ಮಕ್ಕಳ ಮೆದುಳಿಗೇ ಪೆಟ್ಟು. ಆ ಹಲಗೆಯನ್ನು ಬಚ್ಚಿಟ್ಟು ಹೊಸದು ಮಾಡಿದೆ. ಈಗ ಬಣ್ಣವೇ ಇಲ್ಲ. ಕಬ್ಬಿಣದ ಸರಳು ಕಾಯಿಸಿ ಗುಳಿಗೆ ಒತ್ತಿದರೆ ಕಪ್ಪು ಚುಕ್ಕಿ ಆಗುತ್ತದೆ, ಸಾಕು. ಮೇಲೆ ಜೇನುಮೇಣ ಉಜ್ಜುತ್ತೇನೆ. ಮೊದಲು ಕೊಬ್ಬರಿ ಎಣ್ಣೆ ಹಚ್ಚಿದ್ದೆ, ಮಳೆಗಾಲಕ್ಕೆ ಮುಗ್ಗಲು ವಾಸನೆ ಬಂತು.

ಟೀಚರಮ್ಮ ಇನ್ನೊಂದು ವಿಷಯ ಹೇಳಿದರು. ಮಾರಿಯಾ ಮಾಂಟೆಸ್ಸರಿ ಅನ್ನುವ ಡಾಕ್ಟರಮ್ಮ 1907ರಲ್ಲಿ ರೋಮ್‌ನಲ್ಲಿ ಬಡವರ ಮಕ್ಕಳಿಗೆ ಶಾಲೆ ತೆರೆದರಂತೆ. ಅಲ್ಲಿ ಅಕ್ಷರಗಳನ್ನು ಎಮರಿ ಪೇಪರಿನಲ್ಲಿ, ಅಂದರೆ ಮರ ಉಜ್ಜುವ ಒರಟು ಕಾಗದದಲ್ಲಿ, ಕತ್ತರಿಸಿ, ನುಣುಪು ಹಲಗೆಗೆ ಅಂಟಿಸಿ, ಮಕ್ಕಳ ಕೈಲಿ ಸವರಿಸುತ್ತಿದ್ದರಂತೆ. 1939ರಲ್ಲಿ ಅವರು ಮದರಾಸಿಗೂ ಬಂದಿದ್ದರು. ಎಮರಿ ಪೇಪರ್ ನನ್ನ ಅಂಗಡಿಯಲ್ಲಿ ಕಾಲಿಗೆ ಸಿಕ್ಕುತ್ತದೆ. ನಂಬರ್ ಕಡಿಮೆಯಾದಷ್ಟೂ ಒರಟು ಜಾಸ್ತಿ. 80 ನಂಬರ್ ಅಂಟಿಸಿದೆ. ನಾಲ್ಕು ಸಲ ಸವರುವಷ್ಟರಲ್ಲಿ ಮಗುವಿನ ಬೆರಳು ಕೆಂಪಾಯಿತು. 220 ಹಾಕಿದರೆ ಹಲಗೆಗೂ ಅದಕ್ಕೂ ವ್ಯತ್ಯಾಸವೇ ತಿಳಿಯಲಿಲ್ಲ. 150 ಸರಿ ಹೋಯಿತು. ಮೂರು ವರ್ಷದ ಮಕ್ಕಳಿಗೆ ನನ್ನ ಕಾಲುವೆಗಿಂತ ಇದೇ ಒಳ್ಳೇದು. ಇದನ್ನು ಹೇಳಲು ಸ್ವಲ್ಪ ಹೊಟ್ಟೆ ಉರಿಯಿತು, ನಿಜ. ಒತ್ತುವ ಹಾಗಿಲ್ಲ, ಹಗುರವಾಗಿ ಸವರಬೇಕು, ದಾರಿ ತಪ್ಪಿದರೆ ಬೆರಳಿಗೆ ನುಣುಪು ಸಿಕ್ಕಿ ತಾನೇ ಗೊತ್ತಾಗುತ್ತದೆ.

ಕಾಲುವೆಯ ತೊಂದರೆ ಆಮೇಲೆ ಗೊತ್ತಾಯಿತು. ಎರಡು ವಾರಕ್ಕೆ ಮೊಮ್ಮಗಳು ಹಲಗೆಯಲ್ಲಿ ಸರಸರ ರ ತಿದ್ದುತ್ತಿದ್ದಳು. ಸ್ಲೇಟಿನ ಮೇಲೆ ಮತ್ತೆ ಕಾಗೆ ಕಾಲು. ಎರಡೂ ಕಡೆ ಗೋಡೆ ಹಿಡಿದುಕೊಂಡಿತ್ತಲ್ಲ, ಗೋಡೆ ಹೋದ ಕೂಡಲೇ ಕೈ ದಿಕ್ಕು ತಪ್ಪಿತು. ನಡುವೆ ಒಂದು ಮೆಟ್ಟಿಲು ಬೇಕಿತ್ತು. ಒಂದು ತಟ್ಟೆಗೆ ರಾಗಿ ಸುರಿದು ಬೆರಳಲ್ಲಿ ಬರೆಸಿದೆ. ಅಲ್ಲಾಡಿಸಿದರೆ ಅಳಿಸಿ ಹೋಗುತ್ತದೆ, ತಪ್ಪು ಅನ್ನುವ ಮಾತೇ ಇಲ್ಲ. ಮಗುವಿಗೆ ಬಲು ಇಷ್ಟವಾಯಿತು. ನನ್ನ ಹೆಂಡತಿಗೆ ಆಗಲಿಲ್ಲ. "ಅನ್ನ ಕಾಲಿಗೆ ತಗುಲುತ್ತೆ, ತೆಗೀರಿ" ಅಂದಳು. ಅಕ್ಷರಾಭ್ಯಾಸದಲ್ಲಿ ಅಕ್ಕಿ ಮೇಲೆ ಬರೆಸಿದೆಯಲ್ಲೇ ಅಂದೆ. "ಅದು ಒಂದು ದಿನ. ಇದು ದಿನಾ." ಉತ್ತರ ಇರಲಿಲ್ಲ. ಕೆರೆ ಮರಳು ತಂದು ತೊಳೆದು, ಒಣಗಿಸಿ, ಜರಡಿ ಹಿಡಿದೆ. ತಟ್ಟೆಯ ತಳಕ್ಕೆ ಕಡು ನೀಲಿ ಕಾಗದ. ಬೆರಳು ಹೋದ ದಾರಿ ನೀಲಿಯಾಗಿ ಎದ್ದು ಕಾಣುತ್ತದೆ.

ಅಲ್ಲೇ ಇನ್ನೊಂದು ತಮಾಷೆ. ತಲೆಕಟ್ಟನ್ನು ಮೊಮ್ಮಗಳು ತೆಲುಗಿನ ಹಾಗೆ, ರೈಟ್ ಗುರುತಿನಂತೆ ಎಳೆಯುತ್ತಿದ್ದಳು. ಯಾರು ಕಲಿಸಿದರು ಅಂತ ನೋಡಿದರೆ ಅವಳ ಅಜ್ಜಿ. ಗಡಿ ಊರಿನಲ್ಲಿ ಇದೆಲ್ಲ ಇದ್ದದ್ದೇ. ಎರಡೂ ಒಂದೇ ಹಳೇ ಲಿಪಿಯಿಂದ ಕವಲೊಡೆದವು, ಜಗಳ ಬೇಡ ಅಂತ ಸುಮ್ಮನಾದೆ. ಹಲಗೆ ಮುಟ್ಟುತ್ತಾ ಮುಟ್ಟುತ್ತಾ ತಾನೇ ಸರಿಹೋಯಿತು.

ಒಂದು ದಿನ ಕಾಲುವೆಯಲ್ಲಿ ಕಡಲೆಕಾಳು ಸಾಲಾಗಿ ಜೋಡಿಸುವ ಆಟ ಹೂಡಿದೆ. ಎರಡು ವರ್ಷದ ಮೊಮ್ಮಗ ಅದರಲ್ಲಿ ಒಂದನ್ನು ಮೂಗಿಗೆ ತುರುಕಿಕೊಂಡ. ರಾತ್ರಿ ಒಂಬತ್ತಕ್ಕೆ ಡಾಕ್ಟರ ಹತ್ತಿರ ಓಡಿ ತೆಗೆಸಿದೆವು. ಮೂರು ವರ್ಷದೊಳಗಿನವರ ಆಟಿಕೆಯ ಯಾವ ಚೂರೂ ಸುಮಾರು 32 ಮಿಲಿಮೀಟರ್ ಅಗಲದ ಪುಟ್ಟ ಕೊಳವೆಯೊಳಗೆ ಪೂರ್ತಿ ಮುಳುಗಬಾರದು ಅಂತ ಒಂದು ಪರೀಕ್ಷೆ ಇದೆ. ನಾನೂ ಒಂದು ಪೈಪಿನ ತುಂಡು ಕತ್ತರಿಸಿ ಇಟ್ಟುಕೊಂಡಿದ್ದೇನೆ. ಅದರೊಳಗೆ ಇಳಿದದ್ದು ಮನೆಯಲ್ಲಿ ಆಟಕ್ಕಿಲ್ಲ.

ನನಗೆ ಬಹಳ ಇಷ್ಟವಾದದ್ದು ಜೋಡಿ ಹಲಗೆ. ರ ನಡುವೆ ಒಂದು ತೂತು, ಅದಕ್ಕೆ ಕೂರುವ ಉದ್ದನೆ ಮರದ ಗೂಟ. ಗೂಟ ಇಟ್ಟರೆ ಠ, ತೆಗೆದರೆ ರ. ವ ಪಕ್ಕಕ್ಕೆ ಕೊಂಬಿನಂಥ ಇನ್ನೊಂದು ಚೂರು ಹೊಂದಿಸಿದರೆ ಮ. ಇವು ಅಂಗನವಾಡಿಗೆ ಹೋದ ಮೇಲೆ ವಾಪಸ್ ಬಂದೇ ಇಲ್ಲ.

ಬೆರಳಿನಿಂದ ಬಳಪಕ್ಕೆ ಬರುವಾಗ ಟೀಚರಮ್ಮನ ಒಂದು ಉಪಾಯ ಕೆಲಸ ಮಾಡಿತು. ಉದ್ದ ಬಳಪ ಕೊಟ್ಟರೆ ಮಗು ಮುಷ್ಟಿಯಲ್ಲಿ ಹಿಡಿಯುತ್ತದೆ. ಮುರಿದು ಒಂದು ಇಂಚಿನ ಚೂರು ಕೊಟ್ಟರೆ ಮುಷ್ಟಿಗೆ ಸಿಗುವುದೇ ಇಲ್ಲ, ಮೂರು ಬೆರಳಲ್ಲೇ ಹಿಡಿಯಬೇಕು. ಬಾಯಿಗೆ ಹಾಕದ ಹಾಗೆ ಪಕ್ಕದಲ್ಲಿ ಒಬ್ಬರು ಕೂರಬೇಕು, ಅಷ್ಟೆ. ನಾನು ಮೂರು ತಿಂಗಳು ಕೊರೆದೆ, ಅವರು ಚಟ್ ಅಂತ ಮುರಿದು ಕೊಟ್ಟರು.

ಪಕ್ಕದ ಊರಿನವರೊಬ್ಬರು ಐವತ್ತು ಸೆಟ್ ಮಾಡಿಕೊಡಿ, ಮಾರೋಣ ಅಂದರು. 2021ರ ಜನವರಿಯಿಂದ ಆಟಿಕೆ ಮಾರಲು ಐಎಸ್‌ಐ ಗುರುತು ಬೇಕು. ನೋಂದಾಯಿತ ಕರಕುಶಲಕರ್ಮಿಗಳಿಗೆ ವಿನಾಯಿತಿ ಇದೆ, ನಾನು ಆ ಪಟ್ಟಿಯಲ್ಲಿಲ್ಲ. ಆಗಲ್ಲ ಅಂದೆ. ಅಳತೆ ಮಾತ್ರ ಬರೆದು ಕೊಟ್ಟೆ: ಅರ್ಧ ಅಡಿ ಹಲಗೆ, ನಾಲ್ಕು ನೂಲು ಅಗಲ, ಒಂದೂವರೆ ನೂಲು ಆಳ, ದುಂಡು ಬಿಟ್. ನಿಮ್ಮೂರಿನ ಬಡಗಿಯ ಹತ್ತಿರ ಮಾಡಿಸಿ. ಕೊರೆಯುವ ಮೊದಲು ನಿಮ್ಮ ಮಗುವಿನ ಬೆರಳು ಅಳೆಯಲು ಹೇಳಿ.