ಅಮ್ಮನ ಮಂಡಿ ನೋವು, ನಮ್ಮದೇ ಬುಕಿಂಗ್, 14 ರಾತ್ರಿ ಯೂರೋಪ್

ಪ್ಯಾಕೇಜ್ ಬೇಡ, ನಾನೇ ಬುಕ್ ಮಾಡ್ತೀನಿ ಅಂದಾಗ ಮನೆಯಲ್ಲಿ ಒಬ್ಬರೂ ನನ್ನ ಕಡೆ ಇರಲಿಲ್ಲ. ಅಮ್ಮನಿಗೆ 67, ಎರಡೂ ಮಂಡಿ ನೋವು. ಮಗಳಿಗೆ 11. ಹಿಂದಿನ ವರ್ಷವಷ್ಟೇ ಪ್ಯಾಕೇಜ್‌ನಲ್ಲಿ ಹೋಗಿಬಂದಿದ್ದ ಷಡ್ಡಕರು ವಿಜಯನಗರದ ನಮ್ಮ ಮನೆಗೇ ಬಂದು ಕೂತು ಹೇಳಿದರು: "ಅಲ್ರೀ, ವಯಸ್ಸಾದವರನ್ನ ಕಟ್ಕೊಂಡು ರೈಲು ಹತ್ತಿ ಇಳೀತೀರಾ? ಸೂಟ್‌ಕೇಸ್ ಎತ್ತೋರು ಯಾರು? ಸುಮ್ನೆ ದುಡ್ಡು ಕಟ್ಟಿ ಬಸ್ಸಲ್ಲಿ ಕೂತ್ಕೊಳಿ." 2024ರ ದಸರಾ ರಜೆಯಲ್ಲಿ ನಾವು ನಾಲ್ವರು 14 ರಾತ್ರಿ ಸುತ್ತಿ ಬಂದ್ವಿ. ಅಮ್ಮ ಒಂದು ಮೂವ್ ಟ್ಯೂಬ್ ಕೂಡ ಖಾಲಿ ಮಾಡಲಿಲ್ಲ.

ಮೊದಲು ದುಡ್ಡಿನ ವಿಷಯ. ಜಯನಗರದ ಒಂದು ಆಫೀಸಿನಲ್ಲಿ 10 ರಾತ್ರಿಗೆ ಕೊಟ್ಟ ಕೊಟೇಶನ್ ದೊಡ್ಡವರಿಗೆ 2.75 ಲಕ್ಷ, ಮಗಳಿಗೆ 2.2. ಅಲ್ಲಿಗೆ ಹತ್ತೂವರೆ ಲಕ್ಷ. ಅದರ ಮೇಲೆ ಶೇಕಡ 5 ಜಿಎಸ್‌ಟಿ. ಆಮೇಲೆ ಟಿಸಿಎಸ್, ಅಂದ್ರೆ ಪ್ಯಾಕೇಜ್ ಮಾರೋರು ನಮ್ಮ ಹತ್ರ ಮೊದಲೇ ಹಿಡಿದುಕೊಳ್ಳೋ ತೆರಿಗೆ: ಆಗಿನ ನಿಯಮದಲ್ಲಿ 7 ಲಕ್ಷದವರೆಗೆ ಶೇಕಡ 5, ದಾಟಿದ್ದಕ್ಕೆ ಶೇಕಡ 20. ಎಲ್ಲ ನನ್ನ ಪ್ಯಾನ್ ಮೇಲೇ ಬಂದಿದ್ರೆ ಒಂದು ಲಕ್ಷಕ್ಕೂ ಮೇಲೆ ಸಿಕ್ಕಿಬೀಳ್ತಿತ್ತು. ರಿಟರ್ನ್ಸ್ ಹಾಕಿದಾಗ ವಾಪಸ್ ಬರುತ್ತೆ ನಿಜ, ಅಲ್ಲಿವರೆಗೆ ಆ ದುಡ್ಡು ನಮ್ಮದಲ್ಲ. ವಿಮಾನ ಬೇರೆ, ಹೋಟೆಲ್ ಬೇರೆ ಕೊಂಡರೆ ಅದು ಪ್ಯಾಕೇಜ್ ಅನ್ನಿಸಿಕೊಳ್ಳಲ್ಲ, ಈ ತಲೆನೋವೂ ಇಲ್ಲ.

ನಮಗಾದ ಖರ್ಚು ನೆನಪಿನಿಂದ ಹೇಳ್ತೀನಿ. ಹೋಗೋದು ಪ್ಯಾರಿಸ್‌ಗೆ, ಬರೋದು ರೋಮ್‌ನಿಂದ, ವಿಮಾನಕ್ಕೆ ಒಟ್ಟು 2.7 ಲಕ್ಷ. ವಾಸಕ್ಕೆ 2.1, ರೈಲು-ದೋಣಿಗೆ 1.1. ವೀಸಾ, ಇನ್ಶೂರೆನ್ಸ್ ಸೇರಿ 45-50 ಸಾವಿರ. ಊಟ, ಟಿಕೆಟ್ಟು, ಚಿಲ್ಲರೆ ಎಲ್ಲ ಒಂದೂವರೆ ಲಕ್ಷದ ಆಸುಪಾಸು. ಎಂಟು ಲಕ್ಷದೊಳಗೆ ಮುಗೀತು, ಅದೂ ನಾಲ್ಕು ರಾತ್ರಿ ಜಾಸ್ತಿ ಇದ್ದು.

ಇದು ಮೊದಲ ಪ್ರಯತ್ನ ಅಲ್ಲ. 2023ರ ಬೇಸಿಗೆಗೆ ಅಂತ ಹೊರಟು ಸೋತಿದ್ದೆ. ಅಗ್ಗ ಅಂತ ಪ್ಯಾರಿಸ್‌ನಲ್ಲಿ ರೀಫಂಡ್ ಇಲ್ಲದ ಮನೆ ಹಿಡಿದೆ, ವೀಸಾ ಅರ್ಜಿ ಕೊಡೋಕೆ ಸ್ಲಾಟ್ (ದಿನ, ಸಮಯ) ಸಿಗಲೇ ಇಲ್ಲ, 41 ಸಾವಿರ ಹೋಯ್ತು. ಸ್ಲಾಟ್ ಕೊಡಿಸ್ತೀನಿ ಅಂದ ಏಜೆಂಟ್ ಒಬ್ಬರಿಗೆ ಕೊಟ್ಟ 12 ಸಾವಿರವೂ ಬರಲಿಲ್ಲ. ಆ ಸಂಕಟ ಇನ್ನೂ ಇದೆ. ಈ ಸಲ ರಾತ್ರಿಗಳನ್ನ ಎಣಿಸಿ ಹಂಚಿದೆ: ಪ್ಯಾರಿಸ್ 3, ಸ್ವಿಟ್ಜರ್ಲೆಂಡ್ 5, ವೆನಿಸ್ 2, ರೋಮ್ 4. ಮೂರೂ ದೇಶಕ್ಕೆ ಒಂದೇ ವೀಸಾ, ಹೆಚ್ಚು ದಿನ ಇಟಲಿಯಲ್ಲಿ ಆಗುತ್ತೆ, ಹಾಗಾಗಿ ಅರ್ಜಿಯೂ ಇಟಲಿಗೇ. ಪ್ರಯಾಣಕ್ಕೆ ಆರು ತಿಂಗಳು ಮುಂಚೆಯಿಂದಲೇ ಅರ್ಜಿ ಹಾಕಬಹುದು ಅನ್ನೋದನ್ನ ಹಿಂದಿನ ಸಲ ನಾನು ಬಳಸಿಕೊಂಡಿರಲಿಲ್ಲ. ಜೂನ್ 11ಕ್ಕೆ ಫೀಸು 80ರಿಂದ 90 ಯೂರೋ ಆಗಿತ್ತು, ಅದೊಂದು ಬೇಜಾರು. ಹೋಟೆಲ್‌ಗಳೆಲ್ಲ ಕ್ಯಾನ್ಸಲ್ ಮಾಡಬಹುದಾದವೇ. ಸ್ಲಾಟ್ ಯಾವ ಹೊತ್ತಲ್ಲಿ ತೆರೆಯುತ್ತೆ ಅಂತ ಮೂರು ವಾರ ಕೂತು ಬರೆದಿಟ್ಟುಕೊಂಡಿದ್ದೆ. ಆ ಪಟ್ಟಿ ಮಾತ್ರ ಕೊಡಲ್ಲ, ಮುಂದಿನ ಸಲಕ್ಕೆ ನನಗೂ ಬೇಕು.

ಸ್ವಿಟ್ಜರ್ಲೆಂಡ್‌ನಲ್ಲಿ ಎಲ್ಲರೂ ಇಂಟರ್‌ಲಾಕನ್‌ನಲ್ಲಿ ಉಳೀರಿ ಅಂತಾರೆ. ನಾನು ತೂನ್ ಅನ್ನೋ ಊರು ಹಿಡಿದೆ. ಬಾಸೆಲ್‌ನಿಂದ ನೇರ ರೈಲು, ಮಿಲಾನ್‌ಗೂ ನೇರ ರೈಲು, ಪಕ್ಕದಲ್ಲೇ ಕೆರೆ. ಸ್ಟೇಷನ್‌ನಿಂದ ಆರು ನಿಮಿಷ ನಡಿಗೆಯ ನೆಲಮಹಡಿ ಮನೆ. ಯಾವ ಮನೆ ಅಂತ ಕೇಳಬೇಡಿ. ಸೂಟ್‌ಕೇಸ್ ಪ್ರಶ್ನೆಗೆ ಉತ್ತರ: ನಾಲ್ವರಿಗೆ ಎರಡೇ ಪೆಟ್ಟಿಗೆ, ಮಗಳ ಬೆನ್ನಿಗೊಂದು ಚೀಲ, ಅಮ್ಮನ ಕೈಯಲ್ಲಿ ನೀರಿನ ಬಾಟಲಿ ಬಿಟ್ಟು ಏನೂ ಇಲ್ಲ. ಬಟ್ಟೆ ಅಲ್ಲೇ ಒಗೆದ್ವಿ.

ಅಲ್ಲಿನ ರೈಲು, ದೋಣಿ ಟಿಕೆಟ್ ಅರ್ಧ ದರಕ್ಕೆ ಕೊಡಿಸೋ ಹಾಫ್ ಫೇರ್ ಕಾರ್ಡ್ ಆಗ ದೊಡ್ಡವರೊಬ್ಬರಿಗೆ 120 ಫ್ರಾಂಕ್. ರೈಲಲ್ಲೇ ಹತ್ತೋ ಹಿಮದ ಬೆಟ್ಟ ಯುಂಗ್‌ಫ್ರಾಯೋಖ್‌ಗೆ ಪೂರ್ತಿ ದರ ಇನ್ನೂರು ಫ್ರಾಂಕ್ ದಾಟುತ್ತೆ, ಅದೊಂದರಲ್ಲೇ ಕಾರ್ಡಿನ ಬಹುಪಾಲು ಹುಟ್ಟಿತು. ಆದ್ರೆ ನಾನು ಹೆಮ್ಮೆಯಿಂದ ಹೇಳೋದು ಬೇರೆ. ಮಂಗಳವಾರ ಬೆಳಿಗ್ಗೆ ಆರೂವರೆಗೆ ಮೊಬೈಲ್‌ನಲ್ಲಿ ಬೆಟ್ಟದ ವೆಬ್‌ಕ್ಯಾಮ್ ನೋಡಿದೆ, ಬರೀ ಬಿಳಿ. ಟಿಕೆಟ್ ಕೊಂಡಿರಲಿಲ್ಲ. ಅವತ್ತು ದೋಣಿಯಲ್ಲಿ ಅದೇ ಕೆರೆ ದಡದ ಶ್ಪೀಟ್ಸ್‌ಗೆ ಹೋಗಿ ಬಂದ್ವಿ. ಗುರುವಾರ ತಿಳಿ ಆಕಾಶ. 3,454 ಮೀಟರ್ ಎತ್ತರದಲ್ಲಿ ಅಮ್ಮ ಹತ್ತು ಹೆಜ್ಜೆ ಇಡೋದು, ನಿಲ್ಲೋದು, ಮತ್ತೆ ಹತ್ತು ಹೆಜ್ಜೆ. ಕಿಟಕಿ ಹತ್ತಿರ ಬಂದು ಅಲೆಚ್ ಹಿಮನದಿ ನೋಡಿದವರು ಸೆರಗಿನಿಂದ ಗಾಜು ಒರೆಸಿ ಮತ್ತೆ ನೋಡಿದರು. ನಮಗೆ ಅಲ್ಲಿ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಇತ್ತು. ಷಡ್ಡಕರ ಬಸ್ಸು ಪಟ್ಟಿಯಲ್ಲಿದ್ದ ದಿನವೇ ಹೋಗಬೇಕಿತ್ತು, ಅವರ ಫೋಟೋಗಳಲ್ಲಿ ಮಂಜು ಬಿಟ್ಟು ಇನ್ನೇನಿಲ್ಲ. ಅಷ್ಟು ದುಡ್ಡು ಕೊಟ್ಟವರಿಗೆ ಹಾಗಾಗಬಾರದಿತ್ತು.

ಊಟದ್ದು ಒಂದು ಪ್ರಯೋಗ. ಹೊರಗಿನಿಂದ ಹಾಲಿನ ಪದಾರ್ಥ ತರೋ ಹಾಗಿಲ್ಲ, ಹಾಗಾಗಿ ತುಪ್ಪ ಬಿಟ್ಟು ಗೊಜ್ಜವಲಕ್ಕಿ ಪುಡಿ, ಚಟ್ನಿಪುಡಿ, ಸಾಸಿವೆ, ಇಂಗು ಒಯ್ದಿದ್ವಿ. ತೂನ್‌ನಲ್ಲಿ ಬೆಣ್ಣೆ ಕೊಂಡು ಅಮ್ಮ ಅಲ್ಲೇ ಕಾಯಿಸಿದರು. ತಳದಲ್ಲಿ ಕಂದು ಗಸಿ ನಿಂತು, ಇಡೀ ಮನೆ ಘಮ್ ಅಂತಿತ್ತು. ರಿಸೊಟ್ಟೊ ಅನ್ನೋ ಇಟಲಿ ಅಡುಗೆಗೆ ಬಳಸೋ ಅರ್ಬೋರಿಯೋ ಅಕ್ಕಿ ಒಂದು ಲೋಟಕ್ಕೆ ಮೂರು ಲೋಟ ನೀರು ಹಾಕಿದ್ದು ಮೊದಲ ದಿನ ಅಂಟಾಯ್ತು. ಎರಡೂವರೆಗೆ ಇಳಿಸಿ, ಮಸೆದು, ಮೊಸರು ಕಲಸಿದ್ರೆ ನಮ್ಮ ಸೋನಾ ಮಸೂರಿ ಮೊಸರನ್ನಕ್ಕಿಂತ ಚೆನ್ನಾಗಿರುತ್ತೆ. ಭಾನುವಾರಕ್ಕೆ ಶನಿವಾರವೇ ಸಾಮಾನು ತಂದಿಡಿ, ಅಲ್ಲಿ ಹೆಚ್ಚಿನ ಅಂಗಡಿ ಮುಚ್ಚಿರುತ್ತವೆ, ಸ್ಟೇಷನ್ ಒಳಗಿನವೇ ಗತಿ.

ವೆನಿಸ್‌ನಲ್ಲಿ ಸೇತುವೆ ಅಂದ್ರೆ ಮೆಟ್ಟಿಲು. ನೀರಿನ ಈಚೆ ದಡದ ಮೆಸ್ತ್ರೆಯಲ್ಲಿ ಉಳಿದು, ರೈಲಲ್ಲಿ ಹತ್ತು ನಿಮಿಷ ಹೋಗಿ, 1ನೇ ನಂಬರ್ ದೋಣಿ ಹತ್ತಿ ದೊಡ್ಡ ಕಾಲುವೆ ಪೂರ್ತಿ ನೋಡಿದ್ವಿ. 75 ನಿಮಿಷದ ಟಿಕೆಟ್ ಆಗ 9.50 ಯೂರೋ. ಅಮ್ಮ ಒಂದು ಸೇತುವೆಯನ್ನೂ ಹತ್ತಲಿಲ್ಲ.

ರೋಮ್‌ನಲ್ಲಿ ಎಡವಿದೆ. "ಲಿಫ್ಟ್ ಇದೆ" ಅಂತ ಬರೆದಿದ್ರು, ಲಿಫ್ಟ್ ಇದ್ದದ್ದು 14 ಮೆಟ್ಟಿಲು ಹತ್ತಿದ ಮೇಲೆ. ನಾಲ್ಕು ದಿನವೂ ಅಮ್ಮ ಗೋಡೆ ಹಿಡಿದು ಹತ್ತಿದರು, ನನಗೆ ಹೊಟ್ಟೆ ಉರೀತಿತ್ತು. ಈಗ ದುಡ್ಡು ಕಟ್ಟೋ ಮುಂಚೆ ಬೀದಿ ಬಾಗಿಲಿಂದ ಲಿಫ್ಟ್‌ವರೆಗಿನ ಫೋಟೋ ಕೇಳ್ತೀನಿ. ಟ್ರೆವಿ ಕಾರಂಜಿ ದುರಸ್ತಿಗೆ ಅಂತ ನೀರು ಬಸಿದಿದ್ರು, ಅದರೊಳಗೆ ಎಸೆಯೋಕೆ ಅಂತ ಮಗಳು ಇಟ್ಕೊಂಡಿದ್ದ ನಾಣ್ಯ ಹಾಗೇ ವಾಪಸ್ ಬಂತು. ಕೊಲೊಸಿಯಂ ಟಿಕೆಟ್‌ನಲ್ಲಿ ಹೆಸರಿರುತ್ತೆ, ಪಾಸ್‌ಪೋರ್ಟ್ ಜೊತೆಗಿರಲಿ.

ವೀಸಾ ಕಾಗದ ಜೋಡಿಸೋಕೆ ಸಮಯವೇ ಇಲ್ಲ ಅನ್ನೋರು ಪ್ಯಾಕೇಜ್ ತಗೊಳ್ಳಲಿ. ಮಂಡಿ ನೋವಿನ ಅಮ್ಮ ಇದ್ದಾರೆ ಅನ್ನೋ ಕಾರಣಕ್ಕೆ ಮಾತ್ರ ತಗೋಬೇಡಿ. ಬೆಳಿಗ್ಗೆ ಏಳಕ್ಕೆ ಬಸ್ಸು ಬಿಡುತ್ತೆ ಅಂದ್ರೆ ಅವರು ಐದಕ್ಕೆ ಏಳಬೇಕು.

ಷಡ್ಡಕರು ಹೋದ ವಾರ ಫೋನ್ ಮಾಡಿದ್ರು. ಮುಂದಿನ ಸಲ ಆಸ್ಟ್ರಿಯಾ, ಎರಡೂ ಮನೆ ಸೇರಿ ಎಂಟು ಜನ. ಸಾಲ್ಟ್ಸ್‌ಬರ್ಗ್‌ನಲ್ಲಿ ನೆಲಮಹಡಿ ಮನೆ ಹುಡುಕ್ತಿದ್ದೀನಿ.