ಗಾಂಜಾದ ಅಂಟಿನೊಳಗೆ ಕೀಟನಾಶಕ ಹುಡುಕುವುದು: ನನ್ನ ಅನುಭವ

ಕ್ಯಾಲಿಫೋರ್ನಿಯಾದಲ್ಲಿ 2018ರಿಂದ ಗಾಂಜಾ ಅಂಗಡಿಯಲ್ಲೇ ಸಿಗುತ್ತದೆ. ಆದರೆ ಲ್ಯಾಬ್‌ನಲ್ಲಿ ಪಾಸಾಗದ ಮಾಲು ಅಂಗಡಿ ಮುಟ್ಟುವಂತಿಲ್ಲ. ಅಂಥ ಒಂದು ಲ್ಯಾಬ್‌ನಲ್ಲಿ ಕೀಟನಾಶಕದ ಪರೀಕ್ಷೆ ನನ್ನ ಕೆಲಸ.

ರಾಜ್ಯದ ಪಟ್ಟಿಯಲ್ಲಿ 66 ಹೆಸರುಗಳಿವೆ. ಅದರಲ್ಲಿ 21ರ ಪೈಕಿ ಯಾವುದೇ ಒಂದು ಕಂಡರೇ ಫೇಲ್. ಉಳಿದ 45ಕ್ಕೆ ಒಂದೊಂದಕ್ಕೂ ಒಂದು ಮಿತಿ. ದ್ರಾಕ್ಷಿಯ ಬೂದಿರೋಗಕ್ಕೆ ಹೊಡೆಯುವ ಮೈಕ್ಲೊಬ್ಯುಟಾನಿಲ್ ತಗೊಳ್ಳಿ. ಸೇದುವ ಮಾಲಾದರೆ ಗ್ರಾಂಗೆ 0.1 ಮೈಕ್ರೊಗ್ರಾಂ, ತಿನ್ನುವುದಾದರೆ 9. ಸುಟ್ಟರೆ ಅದು ಹೈಡ್ರೊಜನ್ ಸಯನೈಡ್ ಬಿಡುತ್ತದೆ, ಅದು ನೇರ ಶ್ವಾಸಕೋಶಕ್ಕೇ ಹೋಗುತ್ತದೆ ಅಲ್ವಾ?

ಮೊದಲು ನಾನು ಹಣ್ಣು, ತರಕಾರಿ ಪರೀಕ್ಷೆ ಮಾಡುತ್ತಿದ್ದೆ. ಇಲ್ಲಿ ತಲೆನೋವು ಗಿಡದ್ದೇ ಅಂಟು. ಹೂವನ್ನು ಸುಮ್ನೆ ಮಿಕ್ಸಿಗೆ ಹಾಕಿದರೆ ಹಲಸಿನ ಮೇಣದ ಹಾಗೆ ಬ್ಲೇಡಿಗೆ ಮೆತ್ತಿಕೊಳ್ಳುತ್ತದೆ. ಅದಕ್ಕೇ ಅಂಟು ತಣ್ಣಗಾಗಿ ಗಟ್ಟಿಯಾಗಲಿ ಅಂತ ಡ್ರೈ ಐಸ್ ಜೊತೆ ಪುಡಿ ಮಾಡುತ್ತೇನೆ. ಆಮೇಲೆ ಅಸಿಟೊನೈಟ್ರೈಲ್ ಅನ್ನುವ ದ್ರಾವಕ ಹಾಕಿ ಕುಲುಕುವುದು, ಸೆಂಟ್ರಿಫ್ಯೂಜ್‌ನಲ್ಲಿ ಜೋರಾಗಿ ತಿರುಗಿಸಿ ಸಾರ ಬೇರೆ ಮಾಡುವುದು, ನಂತರ ಎಲ್‌ಸಿ-ಎಂಎಸ್/ಎಂಎಸ್ ಯಂತ್ರ: ಅದು ಸಾರದಲ್ಲಿರುವುದನ್ನು ಬೇರೆಬೇರೆ ಮಾಡಿ, ವಿದ್ಯುತ್ ಆವೇಶ ಕೊಟ್ಟು (ಅಯಾನು ಮಾಡಿ), ತೂಕದಿಂದ ಗುರುತಿಸುತ್ತದೆ.

ಒಣ ಹೂವಿನ ತೂಕದಲ್ಲಿ ಶೇ. 20 ದಾಟಿ ಕ್ಯಾನಬಿನಾಯ್ಡ್‌ಗಳೇ, ಅಂದರೆ ಅಂಟಿನಲ್ಲಿರುವ ಗಾಂಜಾದ ಮುಖ್ಯ ರಾಸಾಯನಿಕಗಳೇ, ಇರಬಹುದು. ನಾವು ಹುಡುಕುವುದು ಕೋಟಿಯಲ್ಲಿ ಒಂದು ಪಾಲು. ಇವೆರಡೂ ಒಟ್ಟಿಗೆ ಡಿಟೆಕ್ಟರ್‌ಗೆ ಬಂದರೆ ಕೀಟನಾಶಕದ ಸಿಗ್ನಲ್ ಕುಗ್ಗುತ್ತದೆ. ಇರುವ ವಿಷ ಇಲ್ಲ ಅಂತ ಕಾಣುತ್ತದೆ! ಪಿಎಸ್‌ಎ ಅನ್ನುವ, ಕಲ್ಮಶ ಹೀರುವ ಪುಡಿ ಹಾಕಿ ಸಾರವನ್ನು ಶುಚಿ ಮಾಡಬಹುದು. ಅದು ಗಿಡದ ಆಮ್ಲಗಳನ್ನು ಹಿಡಿಯುತ್ತದೆ, ಜೊತೆಗೆ ಪಟ್ಟಿಯಲ್ಲಿರುವ ಡ್ಯಾಮಿನೊಜೈಡ್ ಅನ್ನುವುದನ್ನೂ ಹಿಡಿದುಬಿಡುತ್ತದೆ. ಡ್ಯಾಮಿನೊಜೈಡ್ 'ಕಂಡರೇ ಫೇಲ್' ಗುಂಪಿನದು. ಅದು ಪುಡಿಯಲ್ಲೇ ಉಳಿದರೆ ಯಂತ್ರಕ್ಕೆ ಕಾಣುವುದೇ ಇಲ್ಲ. ಹಾಗಾಗಿ ನಾನು ಶುಚಿ ಮಾಡುವುದಕ್ಕಿಂತ, ಸಾರಕ್ಕೆ ಇನ್ನಷ್ಟು ದ್ರಾವಕ ಸೇರಿಸಿ ತೆಳು ಮಾಡುವುದೇ ಜಾಸ್ತಿ. ಯಂತ್ರ ಸೂಕ್ಷ್ಮವಾಗಿದ್ದರೆ ಇದೇ ವಾಸಿ. ಹೋಲಿಸಿ ನೋಡಲು ಗೊತ್ತಿರುವಷ್ಟೇ ಕೀಟನಾಶಕ ಬೆರೆಸಿದ ಮಾದರಿಗಳನ್ನೂ (ಸ್ಟ್ಯಾಂಡರ್ಡ್‌ಗಳು) ಕೀಟನಾಶಕ ಇಲ್ಲದ ಗಾಂಜಾದ ಸಾರದಲ್ಲೇ ತಯಾರಿಸುತ್ತೇನೆ. ಬರೀ ದ್ರಾವಕದಲ್ಲಿ ತಯಾರಿಸಿದವನ್ನು ನಾನು ನಂಬುವುದಿಲ್ಲ.

ಪಟ್ಟಿಯಲ್ಲಿರುವ ಕ್ಯಾಪ್ಟಾನ್, ಕ್ಲೋರ್ಡೇನ್ ತರಹದವು ಮಾಮೂಲಿ ಎಲೆಕ್ಟ್ರೋಸ್ಪ್ರೇಗೆ, ಅಂದರೆ ಈ ಯಂತ್ರ ಆವೇಶ ಕೊಡುವ ವಿಧಾನಕ್ಕೆ, ಸರಿಯಾಗಿ ಬಗ್ಗುವುದಿಲ್ಲ. ಅವನ್ನು ಜಿಸಿಗೆ, ಅಂದರೆ ಆವಿ ಮಾಡಿ ಬೇರ್ಪಡಿಸುವ ಇನ್ನೊಂದು ಯಂತ್ರಕ್ಕೆ, ಕಳಿಸುತ್ತೇನೆ.

ಬೆಳೆಗಾರರ ಜೊತೆ ಜಾಸ್ತಿ ಮಾತುಕತೆ ಆಗುವುದು ವೇಪ್ ಎಣ್ಣೆಯ (ಗಾಂಜಾದಿಂದ ತೆಗೆದು, ಇ-ಸಿಗರೇಟಿನ ಹಾಗೆ ಬಿಸಿ ಮಾಡಿ ಸೇದುವ ಎಣ್ಣೆ) ವಿಷಯಕ್ಕೆ. "ಹೂವು ಪಾಸಾಗಿತ್ತು, ಅದರದ್ದೇ ಎಣ್ಣೆ ಹೇಗೆ ಫೇಲ್ ಆಯ್ತು?" ಅಂತ ಕೇಳುತ್ತಾರೆ. ಎಣ್ಣೆ ತೆಗೆಯುವಾಗ ಸೊಪ್ಪು ಹಿಂದೆ ಉಳಿಯುತ್ತದೆ, ಕೀಟನಾಶಕ ಎಣ್ಣೆಯ ಜೊತೆಗೇ ಬಂದು ಸಾಂದ್ರವಾಗುತ್ತದೆ. ಹೂವಿನಲ್ಲಿ ಮಿತಿಯೊಳಗಿದ್ದದ್ದು ಎಣ್ಣೆಯಲ್ಲಿ ಮಿತಿ ದಾಟುತ್ತದೆ. ಕೆಲವರು ತಾವು ಏನನ್ನೂ ಹೊಡೆದೇ ಇಲ್ಲ ಅನ್ನುತ್ತಾರೆ. ನಿಜವೂ ಇರಬಹುದು, ಪಕ್ಕದ ಹೊಲದಿಂದ ಗಾಳಿಯಲ್ಲಿ ಬಂದಿರುತ್ತದೆ. ಆಗ ವಾದ ಮಾಡುವುದಿಲ್ಲ. ಪೀಕ್, ಅಂದರೆ ಯಂತ್ರದ ಗ್ರಾಫ್‌ನಲ್ಲಿ ಎದ್ದಿರುವ ಗೆರೆ, ತೋರಿಸುತ್ತೇನೆ. ಒಂದೇ ಸಮಯಕ್ಕೆ ಬಂದ, ಅದೇ ಕೀಟನಾಶಕದ ಎರಡು ಅಯಾನುಗಳು, ಅವುಗಳ ಅನುಪಾತ, ಪಕ್ಕದಲ್ಲಿ ಸ್ಟ್ಯಾಂಡರ್ಡ್. ಅಲ್ಲಿಗೆ ಮಾತು ಮುಗಿಯುತ್ತದೆ.