ಕೊಡಗಿನ ಏರುಗಳಲ್ಲಿ 200 ಕಿಲೋಮೀಟರ್ ಸೈಕಲ್ ಸವಾರಿಗೆ ಸಿದ್ಧರಾಗುವ ಬಗೆ

ಫ್ರಾನ್ಸಿನ ಒಡಾಕ್ಸ್ ಕ್ಲಬ್ ಪಾರಿಸಿಯೆನ್ ಸಂಸ್ಥೆಯ ನಿಯಮಗಳಿಗೆ ಅನುಸಾರವಾಗಿ ನಡೆಯುವ ‘ಬ್ರೆವೆ’ ಎಂಬ ದೀರ್ಘದೂರ ಸವಾರಿಗಳಲ್ಲಿ ಮೊದಲ ಮೆಟ್ಟಿಲು 200 ಕಿಲೋಮೀಟರ್. ಅದಕ್ಕೆ ಕೊಡುವ ಅವಧಿ 13 ಗಂಟೆ 30 ನಿಮಿಷ. ಮುಂದೆ 300ಕ್ಕೆ 20 ಗಂಟೆ, 400ಕ್ಕೆ 27, 600ಕ್ಕೆ 40. ಇದು ಸ್ಪರ್ಧೆಯಲ್ಲ; ಮೊದಲು ಬಂದವರಿಗೂ ಕೊನೆಯ ನಿಮಿಷದಲ್ಲಿ ಬಂದವರಿಗೂ ಒಂದೇ ಮನ್ನಣೆ. ಲೆಕ್ಕ ಹಾಕಿದರೆ ಗಂಟೆಗೆ ಸರಾಸರಿ 15 ಕಿಲೋಮೀಟರ್ ಕೂಡ ಬೇಡ. ಆದರೆ ಊಟ, ನೀರು, ಪಂಕ್ಚರ್ ಎಂದು ಎರಡು ಗಂಟೆ ನಿಂತರೆ, ಉಳಿದ ಸಮಯದಲ್ಲಿ ಗಂಟೆಗೆ 17 ಕಿಲೋಮೀಟರಿಗೂ ಹೆಚ್ಚು ವೇಗ ಬೇಕಾಗುತ್ತದೆ. ಸಮತಟ್ಟಾದ ರಸ್ತೆಯೇ ಅಪರೂಪವಾದ ಕೊಡಗಿನಲ್ಲಿ ಇದು ಸುಲಭವಲ್ಲ. ಆದ್ದರಿಂದ ಇಲ್ಲಿನ ಸವಾರರು ವೇಗ ಹೆಚ್ಚಿಸಿಕೊಳ್ಳುವುದಕ್ಕಿಂತ ಮೊದಲು ಏರಿನಲ್ಲಿ ಕಾಲನ್ನು ದಣಿಸದಿರುವುದನ್ನು ಕಲಿಯಬೇಕು.

ನಾನು ಇದನ್ನು ಕಷ್ಟಪಟ್ಟೇ ಕಲಿತೆ. ಮೊದಲ ದೀರ್ಘ ಸವಾರಿಯಲ್ಲಿ ಕುಶಾಲನಗರದಿಂದ ಬೆಳಗಿನ ತಂಪಿನಲ್ಲಿ ಹೊರಟವನು, ಸುಂಟಿಕೊಪ್ಪದ ಕಡೆಯ ಏರನ್ನು ದೊಡ್ಡ ಗೇರಿನಲ್ಲೇ ತುಳಿದು, ಮಡಿಕೇರಿ ಮುಟ್ಟುವಷ್ಟರಲ್ಲಿ ತೊಡೆಗೆ ಸೆಳೆತ ಹಿಡಿದು, ಮೂರ್ನಾಡಿನಿಂದ ಮುಂದೆ ಹೋಗಲಾರದೆ ಸೈಕಲ್ಲನ್ನು ಜೀಪಿಗೆ ಹಾಕಿಕೊಂಡು ಮರಳಬೇಕಾಯಿತು. ಆ ದಾರಿ ಸುಮಾರು 30 ಕಿಲೋಮೀಟರಿನಲ್ಲಿ ಏರುವುದು 300 ಮೀಟರಿನಷ್ಟು ಮಾತ್ರ. ಕೆಡಿಸಿದ್ದು ರಸ್ತೆಯಲ್ಲ, ನನ್ನ ಆತುರ. ಏರುವಾಗ ಪಕ್ಕದವರೊಡನೆ ಒಂದು ಪೂರ್ಣ ವಾಕ್ಯವನ್ನು ಏದುಸಿರಿಲ್ಲದೆ ಆಡಲು ಸಾಧ್ಯವಿರಬೇಕು. ಮಾತು ತುಂಡಾದರೆ ಗೇರು ಇಳಿಸಬೇಕು. ಮುಂದಿನ ಚಿಕ್ಕ ಹಲ್ಲುಚಕ್ರದಲ್ಲಿ 34 ಹಲ್ಲು, ಹಿಂದಿನ ಅತಿ ದೊಡ್ಡದರಲ್ಲೂ 34 ಇದ್ದರೆ ಪೆಡಲಿನ ಒಂದು ಸುತ್ತಿಗೆ ಚಕ್ರವೂ ಒಂದೇ ಸುತ್ತು ತಿರುಗುತ್ತದೆ. ಕೂತಲ್ಲಿಂದ ಏಳದೆ, ಗಂಟೆಗೆ ಎಂಟು ಕಿಲೋಮೀಟರಿನಲ್ಲಿ ಸಮಾಧಾನವಾಗಿ ಹತ್ತಬಹುದು. ದುಬಾರಿ ಚೌಕಟ್ಟಿಗೆ ಹಣ ಹಾಕುವ ಮೊದಲು ಈ ಹಗುರ ಗೇರಿಗೆ ಹಾಕಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಅಭ್ಯಾಸಕ್ಕೆ ನನಗೆ ಅತಿ ಪ್ರಿಯವಾದ ಸುತ್ತು ಕುಶಾಲನಗರ, ಮಡಿಕೇರಿ, ಮೂರ್ನಾಡು, ವಿರಾಜಪೇಟೆ, ಗೋಣಿಕೊಪ್ಪ, ಸಿದ್ದಾಪುರದ ಮೂಲಕ ಮತ್ತೆ ಕುಶಾಲನಗರ. ನೂರು ಕಿಲೋಮೀಟರ್ ಮೀರುವ ಈ ದಾರಿ ಬೇತ್ರಿಯಲ್ಲೊಮ್ಮೆ, ಸಿದ್ದಾಪುರದಲ್ಲಿ ಮತ್ತೊಮ್ಮೆ ಕಾವೇರಿಯನ್ನು ದಾಟುತ್ತದೆ. ನದಿಗೆ ಇಳಿದ ಮೇಲೆ ಏರಲೇಬೇಕಾದುದರಿಂದ ಕಾಲುಗಳಿಗೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ. ವಾರಕ್ಕೊಂದು ದೀರ್ಘ ಸವಾರಿಯನ್ನು 50 ಕಿಲೋಮೀಟರಿನಿಂದ ಆರಂಭಿಸಿ, ಪ್ರತಿ ವಾರ ಹತ್ತು ಕಿಲೋಮೀಟರಿನಷ್ಟು ಹೆಚ್ಚಿಸುತ್ತಾ, ನಾಲ್ಕನೆಯ ವಾರ ತಗ್ಗಿಸಿ ದೇಹಕ್ಕೆ ಬಿಡುವು ಕೊಡಬೇಕು. ಒಂದೇ ದಿನ 150 ಕಿಲೋಮೀಟರನ್ನು ಸೆಳೆತವಿಲ್ಲದೆ ಮುಗಿಸಿದವರು 200ಕ್ಕೆ ಹೆಸರು ಕೊಡಬಹುದು.

ಹಸಿವಾಗುವ ತನಕ ಕಾಯದೆ 40 ನಿಮಿಷಕ್ಕೊಮ್ಮೆ ಏನಾದರೂ ತಿನ್ನಬೇಕು: ಬಾಳೆಹಣ್ಣು, ಬೆಲ್ಲ, ಸುರುಳಿ ಸುತ್ತಿದ ಅಕ್ಕಿರೊಟ್ಟಿ. ನೀರಿನ ಒಂದು ಬಾಟಲಿಗೆ ಚಿಟಿಕೆ ಉಪ್ಪು, ನಿಂಬೆರಸ ಸೇರಿಸಿಕೊಳ್ಳಿ. ಹೊರಡುವ ಮುನ್ನ ಅಕ್ಕಿತರಿಯನ್ನು ಉಂಡೆಕಟ್ಟಿ ಆವಿಯಲ್ಲಿ ಬೇಯಿಸಿದ ಕಡಂಬುಟ್ಟು ಹೊಟ್ಟೆಗೆ ಹಿತ. ಹಂದಿಮಾಂಸದ ಪಂದಿಕರಿ ಸವಾರಿ ಮುಗಿದ ಮೇಲಿರಲಿ.

ಇಳಿಜಾರಿನ ವಿಷಯವನ್ನು ಬಹಳ ಮಂದಿ ಹಗುರವಾಗಿ ಕಾಣುತ್ತಾರೆ. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ಘಾಟಿಯಲ್ಲಿ ಸಾವಿರ ಮೀಟರಿಗೆ ಹತ್ತಿರದಷ್ಟು ಎತ್ತರ ಕಳೆಯುತ್ತದೆ, ತಿರುವುಗಳಲ್ಲಿ ಲಾರಿ ಬಸ್ಸುಗಳು ಎದುರಾಗುತ್ತವೆ. ಬ್ರೇಕನ್ನು ಉದ್ದಕ್ಕೂ ಒತ್ತಿ ಹಿಡಿದರೆ ರಿಮ್ಮೋ ಡಿಸ್ಕೋ ಕಾದು ಹಿಡಿತ ತಗ್ಗುತ್ತದೆ. ಅದರ ಬದಲು ತಿರುವಿಗೆ ಮೊದಲೇ, ಸೈಕಲ್ ನೇರವಾಗಿರುವಾಗ, ಎರಡೂ ಬ್ರೇಕುಗಳನ್ನು ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ತಿರುವಿನೊಳಗೆ ಬಿಡಬೇಕು. ಹೊರಬದಿಯ ಪೆಡಲು ಕೆಳಗಿರಲಿ, ಭಾರ ಅದರ ಮೇಲಿರಲಿ, ಕಣ್ಣು ತಿರುವಿನ ತುದಿಯಲ್ಲಿರಲಿ. ತೋಟದ ನೆರಳು ಬೀಳುವ ಕಡೆ ಡಾಂಬರಿನ ಅಂಚಿನಲ್ಲಿ ಪಾಚಿ, ಕೊಳೆತ ಎಲೆ ಇರುವುದರಿಂದ ಅಂಚನ್ನು ನಂಬಬಾರದು. ಇಳಿದು ಗಳಿಸಿದ ನಿಮಿಷಗಳಿಗಿಂತ ಬಿದ್ದು ಕಳೆದುಕೊಳ್ಳುವ ತಿಂಗಳುಗಳೇ ಹೆಚ್ಚು.

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ದೀರ್ಘ ಸವಾರಿ ಬೇಡ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ರಸ್ತೆಯೇ ಮುಚ್ಚಿತ್ತು. ಕಾಫಿ ಕೊಯ್ಲಿನ ಚಳಿಯ ದಿನಗಳು ಉತ್ತಮ, ಹೂಮಳೆ ಬಿದ್ದ ಬಳಿಕ ಬೆಳ್ಳಗೆ ಅರಳಿದ ತೋಟಗಳ ನಡುವೆ ಆ ಪರಿಮಳದಲ್ಲಿ ಸಾಗುವ ಬೆಳಗಂತೂ ವರ್ಷವಿಡೀ ಕಾಯಲು ಯೋಗ್ಯವಾದುದು. ಆದರೆ ಸಿದ್ದಾಪುರ, ಮಾಲ್ದಾರೆ ಕಡೆಯ ತೋಟಗಳಲ್ಲಿ ಆನೆಗಳಿರುತ್ತವೆ. ಅಲ್ಲಿ ಬೆಳಕು ಹರಿಯುವ ಮೊದಲು, ಮುಸ್ಸಂಜೆಯ ನಂತರ ಸೈಕಲ್ ತುಳಿಯಬಾರದು; ಆನೆ ಕಂಡರೆ ಗಂಟೆ ಬಾರಿಸದೆ, ಬೆಳಕು ಬೀರದೆ, ದೂರದಿಂದಲೇ ತಿರುಗಿ ಹಿಂದಿನ ಊರಿಗೆ ಹೋಗಿ ಕಾಯಬೇಕು. ಅದಕ್ಕಾಗಿಯೇ ನಾನು ಮೇಲಿನ ಸುತ್ತನ್ನು ಮಧ್ಯಾಹ್ನ ಮೂರು ಗಂಟೆಯೊಳಗೆ ಸಿದ್ದಾಪುರ ದಾಟುವಂತೆ ಹೊಂದಿಸಿಕೊಳ್ಳುತ್ತೇನೆ.

ಮನೆ ಸೇರಿದ ಮೇಲೆ ಎಷ್ಟೇ ದಣಿವಿದ್ದರೂ ಚೈನನ್ನು ಒಣಬಟ್ಟೆಯಿಂದ ಒರೆಸಿ, ಕೊಂಡಿ ಕೊಂಡಿಗೂ ಒಂದೊಂದು ಹನಿ ಎಣ್ಣೆ ಬಿಟ್ಟು, ಮಿಕ್ಕಿದ್ದನ್ನು ಒರೆಸಿಬಿಡಿ. ನಮ್ಮ ತೇವದ ಗಾಳಿಯಲ್ಲಿ ಒದ್ದೆ ಚೈನು ಒಂದೇ ರಾತ್ರಿಯಲ್ಲಿ ಕೆಂಪಗಾಗುತ್ತದೆ.